ಹಲ್ಲಿಗೆ ತಂತಿ, ಕೊರಳಿಗೆ ಕಂತು

ದಾವಣಗೆರೆಯ ದೊಡ್ಡ ರಸ್ತೆಗಳಲ್ಲಿ ಈಗ ಕಣ್ಣು ಹಾಯಿಸಿದ ಕಡೆಯೆಲ್ಲ ನಗುವ ಮುಖಗಳ ಬೋರ್ಡುಗಳು. ಮುತ್ತು ಪೋಣಿಸಿದಂಥ ಹಲ್ಲುಸಾಲು, ಅದರ ಕೆಳಗೆ ಒಂದು ಫೋನ್ ನಂಬರು, ಅದರ ಮಗ್ಗುಲಲ್ಲಿ ‘ಬಡ್ಡಿಯಿಲ್ಲದ ಸುಲಭ ಕಂತು’ ಎಂಬ ಅಭಯವಾಕ್ಯ. ಹತ್ತಿ ಗಿರಣಿಗಳ ಸಿಳ್ಳು ಒಂದೊಂದಾಗಿ ನಿಂತುಹೋದ ಈ ಊರಿನಲ್ಲಿ ಜನ ಇಷ್ಟು ಅಗಲವಾಗಿ ನಗಲು ಯಾವ ಕಾರಣ ಒದಗಿತೆಂಬುದು ಬೋರ್ಡು ನಿಲ್ಲಿಸಿದವರಿಗೇ ಗೊತ್ತು. ನಮಗೆ ಗೊತ್ತಿರುವುದು ಇಷ್ಟೆ: ಆ ನಗುವಿನ ಬೆಲೆ ಕಟ್ಟುತ್ತಿರುವವರಲ್ಲಿ ಅಕ್ಕಿ ಗಿರಣಿಯ ಹಮಾಲರಿದ್ದಾರೆ, ನೂಲಿನ ಗಿರಣಿಯ ಹೆಣ್ಣುಮಕ್ಕಳಿದ್ದಾರೆ, ಮಂಡಿಪೇಟೆಯ ಸಣ್ಣ ಅಂಗಡಿಕಾರರಿದ್ದಾರೆ.

ಹಲ್ಲಿಗೆ ಕ್ಲಿಪ್ಪು ಹಾಕಿಸುವ ವಿಷಯ ಒಂದು ರಾಜಕೀಯ ಪತ್ರಿಕೆಗೆ ತಕ್ಕುದೆ ಎಂದು ಕೆಲವರು ಮೂಗು ಮುರಿಯಬಹುದು. ‘ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು’ ಎಂಬ ಗಾದೆಯನ್ನು ಉಳ್ಳವರು ಬಡವರ ಮೇಲೆ ಎಸೆಯುವುದಕ್ಕೆಂದೇ ಇಟ್ಟುಕೊಂಡಿದ್ದಾರೆ. ಧಣಿಯ ಮಗನ ಹಲ್ಲು ಸೊಟ್ಟಗಿದ್ದರೆ ಅದಕ್ಕೆ ಮಾಡಿಸುವುದು ಚಿಕಿತ್ಸೆ. ಹಮಾಲನ ಮಗಳ ಹಲ್ಲು ಸೊಟ್ಟಗಿದ್ದರೆ ಅದಕ್ಕೆ ಮಾಡಿಸುವುದು ಶೋಕಿ! ಈ ಲೆಕ್ಕವನ್ನು ನಾವು ಒಪ್ಪುವುದಿಲ್ಲ. ಹಾಗೆಯೇ ಹಲ್ಲಿನ ವ್ಯಾಪಾರಿಗಳ ಲೆಕ್ಕವನ್ನೂ ಒಪ್ಪುವುದಿಲ್ಲ. ಅವರ ದೃಷ್ಟಿಯಲ್ಲಿ ಬಾಯಿ ತೆರೆದ ಪ್ರತಿಯೊಬ್ಬನೂ ಗಿರಾಕಿಯೇ. ಒಬ್ಬರು ನಿಮಗೆ ಏನೂ ಬೇಡವೆನ್ನುತ್ತಾರೆ, ಇನ್ನೊಬ್ಬರು ಎಲ್ಲರಿಗೂ ಎಲ್ಲವೂ ಬೇಕೆನ್ನುತ್ತಾರೆ. ಇಬ್ಬರೂ ನಿಮ್ಮ ಮಗುವಿನ ಬಾಯಿಯನ್ನು ಸರಿಯಾಗಿ ನೋಡಿದವರಲ್ಲ.

ಮೊದಲು ಈ ಕೆಲಸ ನಡೆಯುವ ಬಗೆಯನ್ನು ತಿಳಿಯೋಣ. ತಿಳಿಯದವನಿಗೆ ಮೋಸ ಮಾಡುವುದು ಸುಲಭ. ಹಲ್ಲು ಗೋಡೆಗೆ ಹೊಡೆದ ಮೊಳೆಯಲ್ಲ. ಹಲ್ಲಿನ ಬೇರಿಗೂ ದವಡೆಯ ಎಲುಬಿಗೂ ನಡುವೆ ಸುಮಾರು ಕಾಲು ಮಿಲಿಮೀಟರು ದಪ್ಪದ ನಾರಿನ ಪದರವೊಂದಿದೆ. ತಂತಿ ಹಲ್ಲನ್ನು ಒಂದು ಕಡೆಗೆ ಮೆಲ್ಲಗೆ ಒತ್ತಿದಾಗ ಒತ್ತಿದ ಕಡೆಯ ಎಲುಬು ಸ್ವಲ್ಪ ಸ್ವಲ್ಪವಾಗಿ ಕರಗುತ್ತದೆ; ಬಿಟ್ಟುಬಂದ ಕಡೆ ಹೊಸ ಎಲುಬು ಕಟ್ಟಿಕೊಳ್ಳುತ್ತದೆ. ಎಂದರೆ ಹಲ್ಲನ್ನು ಸರಿಸುವುದು ನಿಜವಾಗಿ ತಂತಿಯಲ್ಲ, ನಿಮ್ಮ ಮೈಯೇ. ಮೈ ತನ್ನ ವೇಗದಲ್ಲಿ ದುಡಿಯುತ್ತದೆ, ತಿಂಗಳಿಗೆ ಸುಮಾರು ಒಂದು ಮಿಲಿಮೀಟರು. ಗಿರಣಿಯ ಮಾಲೀಕ ಯಂತ್ರದ ವೇಗ ಹೆಚ್ಚಿಸಿ ಆಳಿನಿಂದ ಹೆಚ್ಚು ಕೆಲಸ ತೆಗೆದಾನು. ಎಲುಬಿನಿಂದ ಹಾಗೆ ತೆಗೆಯಲು ಬಾರದು. ಅತಿಯಾಗಿ ಬಿಗಿದರೆ ಹಲ್ಲು ಬೇಗ ಬರುವುದಿಲ್ಲ, ಬೇರು ಸವೆಯುತ್ತದೆ. ಆದುದರಿಂದಲೇ ಈ ಚಿಕಿತ್ಸೆಗೆ ಸಾಮಾನ್ಯವಾಗಿ ಒಂದೂವರೆಯಿಂದ ಎರಡು ವರ್ಷ ಹಿಡಿಯುತ್ತದೆ, ಕೆಲವರಿಗೆ ಅದಕ್ಕೂ ಹೆಚ್ಚು. ‘ಆರೇ ತಿಂಗಳಲ್ಲಿ ಮುಗಿಸಿಕೊಡುತ್ತೇವೆ’ ಎನ್ನುವವರು ಒಂದೋ ಮುಂದಿನ ಎರಡು ಹಲ್ಲನ್ನು ಮಾತ್ರ ನೇರ ಮಾಡಿ ಕಳಿಸುತ್ತಾರೆ, ಇಲ್ಲವೆ ಸುಳ್ಳು ಹೇಳುತ್ತಾರೆ. ರಬ್ಬರು ಬೇಕಿಲ್ಲದ, ತಾನೇ ಮುಚ್ಚಿಕೊಳ್ಳುವ ಬಗೆಯ ಬ್ರಾಕೆಟ್ಟುಗಳನ್ನು ‘ಬೇಗ ಮುಗಿಯುತ್ತದೆ’ ಎಂದು ಹೆಚ್ಚಿನ ಬೆಲೆಗೆ ಮಾರುವುದುಂಟು. ಅವು ಸಾಧಾರಣ ಬ್ರಾಕೆಟ್ಟಿಗಿಂತ ಬೇಗ ಮುಗಿಸುತ್ತವೆಂಬುದನ್ನು ಸಂಶೋಧನೆಗಳು ಎತ್ತಿಹಿಡಿದಿಲ್ಲ.

ಇನ್ನು, ಯಾರಿಗೆ ಬೇಕು? ಈ ಶಾಸ್ತ್ರವನ್ನು ಕಟ್ಟಿದ ಅಮೆರಿಕದ ಎಡ್ವರ್ಡ್ ಏಂಗಲ್ ಎಂಬಾತ 1899ರಲ್ಲಿ ಹಲ್ಲುಗಳ ಕೂಡುವಿಕೆಯನ್ನು ಮೂರು ವರ್ಗಗಳಾಗಿ ವಿಂಗಡಿಸಿದ. ವೈದ್ಯರು ಇಂದಿಗೂ ಅದೇ ವರ್ಗಗಳ ಹೆಸರು ಹೇಳುತ್ತಾರೆ. ದೊಡ್ಡ ಬುದ್ಧಿವಂತ, ಸಂದೇಹವಿಲ್ಲ. ಆದರೆ ಮುಖ ಹೇಗಿರಬೇಕೆಂಬುದಕ್ಕೆ ಆತ ಮೆಚ್ಚಿದ ಮಾದರಿ ಅಪೋಲೋ ಬೆಲ್ವಡೇರ್ ಎಂಬ ಹಳೆಯ ಅಮೃತಶಿಲೆಯ ವಿಗ್ರಹ! ಕಲ್ಲಿನ ದೇವರ ಮೂತಿಗೆ ಮನುಷ್ಯರ ಮೂತಿಯನ್ನು ಹೋಲಿಸುವ ಈ ಚಟ ಅಲ್ಲಿಂದ ಇಂದಿನ ಬೋರ್ಡುಗಳ ತನಕ ಬಂದಿದೆ. ಅತ್ತ ಜಪಾನಿನಲ್ಲಿ ಕೋರೆಹಲ್ಲು ಸ್ವಲ್ಪ ಮುಂದೆ ಚಾಚಿದ್ದರೆ ಅದನ್ನೇ ಚೆಲುವೆಂದು ಬಗೆದು, ನೇರ ಹಲ್ಲಿನ ಹುಡುಗಿಯರು ದುಡ್ಡು ಕೊಟ್ಟು ಸುಳ್ಳು ಕೋರೆ ಅಂಟಿಸಿಕೊಂಡದ್ದೂ ಉಂಟು. ಚೆಲುವಿನ ಅಳತೆಗೋಲು ಊರಿಗೊಂದು. ಅದಕ್ಕಾಗಿ ಸಾಲ ಮಾಡಬೇಕಾಗಿಲ್ಲ.

ಆದರೆ ಹಲ್ಲಿನ ವಕ್ರತೆಯೆಲ್ಲ ಚೆಲುವಿನ ಮಾತಲ್ಲ, ಇದನ್ನು ಗಟ್ಟಿಯಾಗಿ ಹೇಳಬೇಕು. ಮೇಲಿನ ಮುಂದಿನ ಹಲ್ಲುಗಳು ಬಹಳ ಉಬ್ಬಿದ್ದರೆ ಮಗು ಬಿದ್ದಾಗ ಮೊದಲು ಮುರಿಯುವುದು ಅವೇ. ಮೇಲಿನ ಹಲ್ಲು ಕೆಳಗಿನದರ ಒಳಗೆ ಕೂತು ಅಡ್ಡ ಕಚ್ಚಿದರೆ ದವಡೆಯೇ ಓರೆಯಾಗಿ ಬೆಳೆದೀತು. ಕೆಳಹಲ್ಲು ಮೇಲಂಗಳಕ್ಕೆ ತಾಗಿ ಗಾಯ ಮಾಡುವುದುಂಟು. ಹುಟ್ಟದೆ ಎಲುಬಿನೊಳಗೇ ಅಡ್ಡ ಮಲಗಿದ ಕೋರೆಹಲ್ಲು ಪಕ್ಕದ ಒಳ್ಳೆಯ ಹಲ್ಲಿನ ಬೇರನ್ನು ಸದ್ದಿಲ್ಲದೆ ತಿಂದುಹಾಕಬಹುದು. ಎಕ್ಸರೇ ತೆಗೆಯದೆ ಇದು ಕಾಣುವುದೇ ಇಲ್ಲ. ಸೀಳುತುಟಿ, ಸೀಳಂಗಳದ ಮಕ್ಕಳಿಗಂತೂ ಇದು ಊಟ-ಮಾತುಗಳ ಪ್ರಶ್ನೆ. ಇಂಥವರಿಗೆ ಕ್ಲಿಪ್ಪು ಶೋಕಿಯೆಂದು ಹೇಳುವವನ ಬಾಯಿಗೇ ಮೊದಲು ಚಿಕಿತ್ಸೆಯಾಗಬೇಕು.

ಬೇಕಾದವರು ಯಾರು, ಬೇಡವಾದವರು ಯಾರು ಎಂದು ವಿಂಗಡಿಸಲು ಸಾಧ್ಯವೆ? ಸಾಧ್ಯ. ಬ್ರಿಟನ್ನಿನಲ್ಲಿ 1989ರಿಂದ ಒಂದು ಅಳತೆಗೋಲಿದೆ: ವಕ್ರತೆಯನ್ನು 1ರಿಂದ 5ರ ತನಕ ಐದು ದರ್ಜೆಗಳಲ್ಲಿ ತೂಗುತ್ತಾರೆ. ಇಂಗ್ಲೆಂಡಿನಲ್ಲಿ 18 ವರ್ಷದೊಳಗಿನ ಮಗು 4 ಅಥವಾ 5ನೆಯ ದರ್ಜೆಗೆ ಬಂದರೆ ಸಾರ್ವಜನಿಕ ಆರೋಗ್ಯ ಸೇವೆಯೇ ಪುಕ್ಕಟೆಯಾಗಿ ಕ್ಲಿಪ್ಪು ಹಾಕುತ್ತದೆ. 3ನೆಯ ದರ್ಜೆಯಲ್ಲಿ ನೋಟ ತೀರ ಕೆಟ್ಟಿದ್ದರೆ ಮಾತ್ರ. 1, 2ಕ್ಕೆ ಇಲ್ಲ. ಅಲ್ಲಿಯೂ ಮಕ್ಕಳು ಸರದಿಯಲ್ಲಿ ಬಹುಕಾಲ ಕಾಯಬೇಕಾಗುತ್ತದೆ, ಸ್ವರ್ಗವೇನಲ್ಲ. ಆದರೂ ಬೇಕು-ಬೇಡಗಳನ್ನು ಅಲ್ಲಿ ತೀರ್ಮಾನಿಸುವುದು ತಂದೆಯ ಜೇಬಲ್ಲ, ಮಗುವಿನ ಬಾಯಿ.

ಆ ಸೇವೆಯನ್ನು 1948ರಲ್ಲಿ ಕಟ್ಟಿದವನು ಅನ್ಯೂರಿನ್ ಬೆವಾನ್. ಗಣಿ ಕಾರ್ಮಿಕನ ಮಗ, ತಾನೂ ಹುಡುಗತನದಲ್ಲೇ ಗಣಿಗಿಳಿದವನು. 1951ರಲ್ಲಿ, ಕೊರಿಯಾ ಯುದ್ಧದ ಶಸ್ತ್ರಾಸ್ತ್ರಗಳಿಗೆ ಹಣ ಹೊಂದಿಸಬೇಕೆಂದು ಅವನದೇ ಪಕ್ಷದ ಸರಕಾರ ಕಟ್ಟುಹಲ್ಲಿಗೂ ಕನ್ನಡಕಕ್ಕೂ ಶುಲ್ಕ ಹಾಕಿತು. ಬೆವಾನ್ ಮಂತ್ರಿಗಿರಿಯನ್ನು ಬಿಸಾಕಿ ಹೊರಬಂದ. ಬಡವನ ಹಲ್ಲಿಗಾಗಿ ಅಧಿಕಾರ ಬಿಟ್ಟ ಮಂತ್ರಿಯೊಬ್ಬನಿದ್ದನೆಂಬುದನ್ನು ನಮ್ಮ ಮಂತ್ರಿಗಳಿಗೆ ಯಾರಾದರೂ ಓದಿ ಹೇಳಬೇಕು.

ನಮ್ಮಲ್ಲಿ ಏನು ನಡೆಯುತ್ತದೆಂಬುದಕ್ಕೆ ಈ ಕಚೇರಿಗೇ ಬಂದ ಒಂದು ಸಂಗತಿಯನ್ನು ಹೇಳುತ್ತೇವೆ. ಅಕ್ಕಿ ಗಿರಣಿಯೊಂದರ ಹಮಾಲ. ಮಗಳಿಗೆ ಹದಿನಾಲ್ಕು ವರ್ಷ, ಮೇಲಿನ ಹಲ್ಲು ಉಬ್ಬು. ಶಾಲೆಯಲ್ಲಿ ಗೇಲಿ, ಮನೆಯಲ್ಲಿ ‘ನಾಳೆ ಗಂಡು ನೋಡಲು ಬಂದರೆ?’ ಎಂಬ ಹಿರಿಯರ ಚಿಂತೆ. ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ಒಂದೇ ಮಾತಿಗೆ ಒಪ್ಪಿಸಿ, ಫೈನಾನ್ಸ್ ಕಂಪೆನಿಯ ಕಾಗದಕ್ಕೆ ರುಜು ಹಾಕಿಸಿದರು. ಕಾಗದವೆಲ್ಲ ಇಂಗ್ಲಿಷು. ನಾಲ್ಕು ಹಲ್ಲು ಕಿತ್ತು ತಂತಿ ಕಟ್ಟಿದರು. ಏಳು ತಿಂಗಳಾದ ಮೇಲೆ ಬಂದು ಹೋಗುತ್ತಿದ್ದ ವೈದ್ಯರು ಬರುವುದನ್ನು ಬಿಟ್ಟರು. ಆಮೇಲೆ ಕ್ಲಿನಿಕ್ಕಿಗೇ ಬೀಗ ಬಿತ್ತು. ಕಂತು ಮಾತ್ರ ಬ್ಯಾಂಕಿನ ಖಾತೆಯಿಂದ ತಿಂಗಳ 5ನೆಯ ತಾರೀಖಿಗೆ ತಪ್ಪದೆ ಕಡಿತವಾಗುತ್ತಿತ್ತು. ಸಾಲ ಕೊಟ್ಟವನು ಕ್ಲಿನಿಕ್ಕಿಗೆ ಮೊದಲೇ ಪೂರ್ತಿ ಹಣ ಕೊಟ್ಟಿದ್ದನಷ್ಟೆ! ಆ ಹುಡುಗಿ ಯಾರೂ ನೋಡದ ತಂತಿಯನ್ನು ಬಾಯಲ್ಲಿ ಹೊತ್ತು ಹನ್ನೊಂದು ತಿಂಗಳು ಕಳೆದಳು. ಬ್ರಾಕೆಟ್ಟಿನ ಸುತ್ತ ಬಿಳಿ ಕಲೆ, ವಸಡಿನಲ್ಲಿ ರಕ್ತ, ಕಿತ್ತ ಹಲ್ಲಿನ ಜಾಗ ಅರ್ಧ ಮುಚ್ಚಿ ಅರ್ಧ ತೆರೆದು. ಕ್ಲಿಪ್ಪು ಹಾಕಿಸದೆಯೇ ಇದ್ದಿದ್ದರೆ ಅವಳ ಬಾಯಿ ಇದಕ್ಕಿಂತ ಚೆನ್ನಾಗಿರುತ್ತಿತ್ತು.

ಆದುದರಿಂದ ನಾವು ಎಲ್ಲಕ್ಕಿಂತ ಮೊದಲು ಹೇಳುವ ಮಾತು: ಮುಗಿಸಲು ದಾರಿಯಿಲ್ಲದಿದ್ದರೆ ಆರಂಭಿಸಬೇಡಿರಿ. ಅರ್ಧ ಕಟ್ಟಿದ ಮನೆಯಲ್ಲಿ ಹೇಗೋ ಇರಬಹುದು. ಅರ್ಧ ಬಿಟ್ಟ ಹಲ್ಲಿನ ಕೆಲಸದಿಂದ ಕೇಡೇ ಹೆಚ್ಚು. ಹಣವನ್ನು ಒಂದೇ ಗಂಟಿನಲ್ಲಿ ಮುಂಗಡವಾಗಿ ಕೊಡಬೇಡಿರಿ, ಮೂರನೆಯವನ ಸಾಲಕ್ಕೆ ರುಜು ಹಾಕಬೇಡಿರಿ. ಪ್ರತಿ ಭೇಟಿಗೆ ಇಷ್ಟೆಂದು ವೈದ್ಯರಿಗೇ ನೇರವಾಗಿ ಕೊಡುವ ಏರ್ಪಾಡು ಕೇಳಿರಿ. ಮರ್ಯಾದೆಯುಳ್ಳ ವೈದ್ಯರು ಇದಕ್ಕೆ ಒಪ್ಪುತ್ತಾರೆ, ಅಂಥವರು ಈ ಊರಿನಲ್ಲಿ ಬೇಕಾದಷ್ಟು ಜನರಿದ್ದಾರೆ.

ಯಾರ ಕೈ ನಿಮ್ಮ ಮಗುವಿನ ಬಾಯಲ್ಲಿ ಕೆಲಸ ಮಾಡುತ್ತದೆಂದು ಕೇಳಲು ನಾಚಬೇಡಿರಿ. ಬಿ.ಡಿ.ಎಸ್. ಎಂದರೆ ಹಲ್ಲಿನ ವೈದ್ಯ. ಅದರ ಮೇಲೆ ಮೂರು ವರ್ಷ ಇದೊಂದೇ ವಿಷಯವನ್ನು ಕಲಿತವರು ಆರ್ಥೊಡಾಂಟಿಕ್ಸಿನ ಎಂ.ಡಿ.ಎಸ್. ಬೇರೆ ವಿಷಯಗಳಲ್ಲೂ ಎಂ.ಡಿ.ಎಸ್. ಇದೆ, ಆದುದರಿಂದ ‘ಯಾವುದರಲ್ಲಿ?’ ಎಂದು ಬಿಡಿಸಿ ಕೇಳಬೇಕು. ಅವರ ನೋಂದಣಿ ನಂಬರು ಬೋರ್ಡಿನ ಮೇಲೋ ಚೀಟಿಯ ಮೇಲೋ ಇರಬೇಕು. ಎಕ್ಸರೇ, ಅಚ್ಚು, ಫೋಟೋ ತೆಗೆಯದೆ ಮೊದಲ ದಿನವೇ ಬ್ರಾಕೆಟ್ಟು ಅಂಟಿಸಲು ಹೊರಟರೆ ಎದ್ದು ಬನ್ನಿರಿ. ಹುಳುಕು ಹಲ್ಲಿದ್ದರೆ, ವಸಡು ಬಾತಿದ್ದರೆ ಮೊದಲು ಅದನ್ನು ವಾಸಿಮಾಡಬೇಕು, ಆಮೇಲೆ ತಂತಿ. ದೊಡ್ಡವರಿಗೂ ಕ್ಲಿಪ್ಪು ಹಾಕಲು ಬರುತ್ತದೆ, ವಯಸ್ಸೊಂದೇ ಅಡ್ಡಿಯಲ್ಲ; ಆದರೆ ಗುಟ್ಕಾ, ಬೀಡಿಗಳಿಂದ ವಸಡು ಸೋತವರ ಹಲ್ಲನ್ನು ಹಾಗೆಯೇ ಎಳೆದರೆ ಹಲ್ಲೇ ಕೈಗೆ ಬಂದೀತು.

ಹಲ್ಲು ಕೀಳುವ ಮಾತು ಬಂದಾಗ ಎಲ್ಲರೂ ಬೆಚ್ಚುತ್ತಾರೆ. ಒಳ್ಳೆಯ ಹಲ್ಲನ್ನು ಕೀಳಿಸಬೇಕೆ ಎಂಬ ಪ್ರಶ್ನೆ ಹೊಸದಲ್ಲ, 1911ರಲ್ಲಿಯೇ ಅಮೆರಿಕದ ವೈದ್ಯರು ಇದರ ಮೇಲೆ ಬಹಿರಂಗವಾಗಿ ಕಾದಾಡಿದ್ದಾರೆ. ಏಂಗಲ್ ಕೀಳಕೂಡದೆಂದ. ಅವನ ಶಿಷ್ಯರೇ ಮುಂದೆ, ಕೀಳದೆ ಸಾಲು ಮಾಡಿದ ಹಲ್ಲುಗಳು ಮತ್ತೆ ಮುಂದೆ ಬಂದು ಉಬ್ಬಿದ್ದನ್ನು ಕಂಡು, ಕೆಲವರಿಗೆ ಕೀಳಲೇಬೇಕೆಂದು ತಿರುಗಿ ಬಿದ್ದರು. ಇಂದಿನ ತಿಳಿವಳಿಕೆ ಇಷ್ಟು: ಜಾಗ ಬಹಳ ಕಡಿಮೆಯಿದ್ದವರಿಗೆ ಕೀಳುವುದು ಸರಿ, ಎಲ್ಲರಿಗೂ ಅಲ್ಲ. ಯಾಕೆ ಕೀಳುತ್ತೀರಿ, ಕೀಳದಿದ್ದರೆ ಏನಾಗುತ್ತದೆ ಎಂದು ಕೇಳಿ ಕನ್ನಡದಲ್ಲಿ ಉತ್ತರ ಪಡೆಯಿರಿ. ಒಪ್ಪಿಗೆಯ ಪತ್ರ ಕನ್ನಡದಲ್ಲಿಲ್ಲದಿದ್ದರೆ ಓದಿ ಹೇಳಿಸಿಕೊಳ್ಳದೆ ರುಜು ಹಾಕಬೇಡಿರಿ. ಜನಕ್ಕೆ ತಿಳಿಯದ ಭಾಷೆಯಲ್ಲಿ ಪಡೆದ ಒಪ್ಪಿಗೆ ಒಪ್ಪಿಗೆಯೇ ಅಲ್ಲ.

ತಂತಿ ಕಟ್ಟಿದ ಮೇಲೆ ಅರ್ಧ ಕೆಲಸ ಮನೆಯದು. ಮೂರು ನಾಲ್ಕು ದಿನ ನೋವಿರುತ್ತದೆ, ಹೆದರಬೇಕಿಲ್ಲ. ಊಟವಾದ ಮೇಲೆಲ್ಲ ಹಲ್ಲುಜ್ಜಬೇಕು. ಬ್ರಾಕೆಟ್ಟಿನ ಸಂದಿನಲ್ಲಿ ಅನ್ನದಗುಳು ನಿಂತರೆ ಮೊದಲು ಬಿಳಿ ಕಲೆ, ಆಮೇಲೆ ಹುಳುಕು. ಆ ಕಲೆ ಕ್ಲಿಪ್ಪು ತೆಗೆದ ಮೇಲೂ ಪೂರ್ತಿ ಹೋಗುವುದಿಲ್ಲ. ಕಡಕ್ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿನ್ನಬೇಕು. ಚಕ್ಕುಲಿ, ನಿಪ್ಪಟ್ಟು, ಕಬ್ಬು, ಹುರಿಗಡಲೆಗಳನ್ನು ಅಷ್ಟು ದಿನ ಬಿಡಬೇಕು. ಹಲ್ಲಿದ್ದವನಿಗೆ ಕಡಲೆಯಿಲ್ಲವೆಂಬ ಗಾದೆ ಇಲ್ಲಿ ಅಕ್ಷರಶಃ ನಿಜವಾಗುತ್ತದೆ. ದಾವಣಗೆರೆಯ ಮಂಡಕ್ಕಿಗೆ ಅಡ್ಡಿಯಿಲ್ಲ.

ಕ್ಲಿಪ್ಪು ಬಿಚ್ಚಿದ ದಿನ ಸಿಹಿ ಹಂಚಿ ಮರೆತುಬಿಡುವವರೇ ಹೆಚ್ಚು. ಅಂದಿಗೆ ಚಿಕಿತ್ಸೆ ಮುಗಿಯುವುದಿಲ್ಲ. ಎಳೆದ ನಾರುಗಳು ಹಲ್ಲನ್ನು ಹಳೆಯ ಜಾಗಕ್ಕೆ ಜಗ್ಗುತ್ತಲೇ ಇರುತ್ತವೆ. ಅದನ್ನು ತಡೆಯಲು ರಿಟೇನರ್ ಎಂಬ ಇನ್ನೊಂದು ಸಾಧನವನ್ನು ವರ್ಷಗಟ್ಟಲೆ, ಹಲವರು ರಾತ್ರಿ ಹೊತ್ತು ಜೀವಮಾನವಿಡೀ, ಹಾಕಿಕೊಳ್ಳಬೇಕು. ಅದರ ಬೆಲೆ ಮೊದಲ ಮಾತಿನಲ್ಲೇ ಸೇರಿದೆಯೋ ಇಲ್ಲವೋ, ಕಳೆದುಹೋದರೆ ಎಷ್ಟು ಎಂಬುದನ್ನು ಮೊದಲೇ ಬರೆಸಿಕೊಳ್ಳಿರಿ. ಬೋರ್ಡುಗಳ ಮೇಲೆ ಈ ಮಾತು ಕಾಣುವುದು ಅಪರೂಪ.

ಈಗಿನ ಹೊಸ ಮೋಹ ಕಣ್ಣಿಗೆ ಕಾಣದ ಪಾರದರ್ಶಕ ಅಲೈನರ್. ಅಮೆರಿಕದ ಕಂಪೆನಿಯೊಂದು 1997ರಲ್ಲಿ ಹುಟ್ಟಿ ಇದನ್ನು ಲೋಕಕ್ಕೆಲ್ಲ ಮಾರಿತು. ಸುಲಭದ ವಕ್ರತೆಗೆ ಇದು ಸಾಕು. ದಿನಕ್ಕೆ 20ರಿಂದ 22 ಗಂಟೆ ಬಾಯಲ್ಲಿಡಬೇಕು, ಇಲ್ಲವಾದರೆ ಕೆಲಸ ಮಾಡದು. ಎರಡು ಪಾಳಿ ದುಡಿದು ನಡುವೆ ಹತ್ತು ಸಲ ಚಹಾ ಕುಡಿಯುವವರು ಯೋಚಿಸಬೇಕಾದ ಮಾತು. ಲೋಹದ ಕ್ಲಿಪ್ಪು ಹತ್ತಾರು ಸಾವಿರದಲ್ಲಿ ಮುಗಿಯುವಲ್ಲಿ ಇದು ಲಕ್ಷ ದಾಟುವುದುಂಟು, ಗುಣದಲ್ಲಿ ಲೋಹದ ಕ್ಲಿಪ್ಪೇನೂ ಕಡಿಮೆಯದಲ್ಲ. ವೈದ್ಯರ ಕೈಗೇ ಹೋಗದೆ, ಮನೆಯಲ್ಲೇ ಅಚ್ಚು ತೆಗೆದು ಅಂಚೆಯಲ್ಲಿ ತರಿಸಿಕೊಳ್ಳುವ ವ್ಯಾಪಾರವೂ ನಡೆಯಿತು. ಅಮೆರಿಕದಲ್ಲಿ 2014ರಲ್ಲಿ ಆರಂಭವಾದ ಸ್ಮೈಲ್ ಡೈರೆಕ್ಟ್ ಕ್ಲಬ್ ಎಂಬ ಕಂಪೆನಿ 2019ರಲ್ಲಿ ಷೇರುಪೇಟೆಗೆ ಇಳಿದು ಕೋಟ್ಯಂತರ ಡಾಲರು ಎತ್ತಿತು. 2023ರ ಸೆಪ್ಟೆಂಬರಿನಲ್ಲಿ ದಿವಾಳಿ ಅರ್ಜಿ ಹಾಕಿತು. ಡಿಸೆಂಬರಿನಲ್ಲಿ ಬಾಗಿಲು ಮುಚ್ಚಿತು. ನಡುದಾರಿಯಲ್ಲಿದ್ದ ಗಿರಾಕಿಗಳಿಗೆ ಹೇಳಿದ್ದೇನು? ಇನ್ನು ಚಿಕಿತ್ಸೆ ಇಲ್ಲ, ಕಂತು ಮಾತ್ರ ಕಟ್ಟುತ್ತಿರಿ! ನಮ್ಮ ಹಮಾಲನ ಕಥೆಯೂ ಆ ಡಾಲರಿನ ಕಥೆಯೂ ಒಂದೇ ಅಚ್ಚಿನವು.

ಇನ್ನೊಂದು ಸಂಗತಿ. ಮೊದಲ ತಿಂಗಳುಗಳಲ್ಲಿ ಹಲ್ಲಿಗೆ ಹಾಕುವ, ಎಷ್ಟು ಬಗ್ಗಿಸಿದರೂ ತನ್ನ ಆಕಾರಕ್ಕೆ ಮರಳುವ ನಿಕ್ಕಲ್-ಟೈಟೇನಿಯಂ ತಂತಿ ಯಾವ ಸಾಹುಕಾರನ ಬುದ್ಧಿಯಿಂದ ಹುಟ್ಟಿದ್ದಲ್ಲ. ಅಮೆರಿಕದ ನೌಕಾಪಡೆಯ ಸರಕಾರಿ ಪ್ರಯೋಗಶಾಲೆಯಲ್ಲಿ ತೆರಿಗೆದಾರರ ಹಣದಿಂದ ಆ ಲೋಹ ಹೊರಬಂತು. 1970ರ ದಶಕದ ಆರಂಭದಲ್ಲಿ ಅಯೋವಾ ವಿಶ್ವವಿದ್ಯಾಲಯದ ಜಾರ್ಜ್ ಆಂಡ್ರೀಸನ್ ಅದನ್ನು ಹಲ್ಲಿಗೆ ತಂದ. ಜನರ ಹಣದಿಂದ ಹುಟ್ಟಿದ್ದು ಜನರಿಗೇ ಕಂತಿನಲ್ಲಿ ಮಾರಾಟವಾಗುತ್ತದೆ.

ನಮ್ಮ ಸರಕಾರದ ಪಾಲೇನು? ಕರ್ನಾಟಕ ದಂತ ಕಾಲೇಜುಗಳಿಂದ ತುಂಬಿದ ನಾಡು. ಸರಕಾರದವು ಬೆರಳೆಣಿಕೆ, ಉಳಿದವು ಖಾಸಗಿ. 1984ರಲ್ಲಿ ಕ್ಯಾಪಿಟೇಷನ್ ನಿಷೇಧದ ಕಾಯಿದೆ ಬಂತು, 1992ರಲ್ಲಿ ಕರ್ನಾಟಕದ್ದೇ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನು ಖಂಡಿಸಿ ತೀರ್ಪು ಕೊಟ್ಟಿತು. ಆದರೂ ವೈದ್ಯನಾಗಲು ಲಕ್ಷಗಳನ್ನು ಸುರಿದ ಹುಡುಗ ಅದನ್ನು ಎಲ್ಲಿಂದ ಹಿಂದಕ್ಕೆ ಪಡೆಯಬೇಕು? ನಿಮ್ಮ ಬಾಯಿಂದಲೇ. ನಾವು ಆ ಹುಡುಗನನ್ನು ದೂರುವುದಿಲ್ಲ. ಅವನನ್ನು ಅಲ್ಲಿ ನಿಲ್ಲಿಸಿದ ವ್ಯವಸ್ಥೆಯನ್ನು ದೂರುತ್ತೇವೆ. ಒಂದು ಮಾತನ್ನು ಮಾತ್ರ ನೆನಪಿಡಿರಿ: ಕಾಲೇಜುಗಳ ಆಸ್ಪತ್ರೆಗಳಲ್ಲಿ ಎಂ.ಡಿ.ಎಸ್. ವಿದ್ಯಾರ್ಥಿಗಳು ಪ್ರಾಧ್ಯಾಪಕರ ಮೇಲ್ವಿಚಾರಣೆಯಲ್ಲಿ ಇದೇ ಕೆಲಸವನ್ನು ಹೊರಗಿಗಿಂತ ಕಡಿಮೆ ಖರ್ಚಿನಲ್ಲಿ ಮಾಡುತ್ತಾರೆ. ಕಾಯಬೇಕಾಗುತ್ತದೆ, ಒಂದು ದಿನದ ಕೂಲಿ ಹೋಗುತ್ತದೆ. ಕೈ ಮಾತ್ರ ಕಲಿತ ಕೈ, ಬೀಗ ಹಾಕಿಕೊಂಡು ಓಡಿಹೋಗುವ ಸಂಸ್ಥೆಯೂ ಅಲ್ಲ. ನಮ್ಮ ಊರಿನಲ್ಲೇ ಎರಡು ದಂತ ಕಾಲೇಜುಗಳಿವೆ, ಬೆಂಗಳೂರಿನಲ್ಲಿ ಸರಕಾರಿ ದಂತ ಕಾಲೇಜಿದೆ.

ಕಾರ್ಮಿಕರ ಸಂಬಳದಿಂದ ನೂರಕ್ಕೆ ಮುಕ್ಕಾಲು ರೂಪಾಯಿ, ಮಾಲೀಕನಿಂದ ಮೂರೂಕಾಲು ರೂಪಾಯಿ: 2019ರ ಜುಲೈಯಿಂದ ಇ.ಎಸ್.ಐ.ಗೆ ಕಟ್ಟುವ ದರ ಇದು. ಕಲಬುರಗಿಯಲ್ಲಿ ಇ.ಎಸ್.ಐ. ನಿಗಮದ್ದೇ ದಂತ ಕಾಲೇಜಿದೆ. ಹೀಗಿರುವಾಗ ಇ.ಎಸ್.ಐ. ಚೀಟಿಯುಳ್ಳ ಕಾರ್ಮಿಕನ ಮಗು ಉಬ್ಬುಹಲ್ಲಿಗೆ ಫೈನಾನ್ಸ್ ಕಂಪೆನಿಯ ಬಾಗಿಲಿಗೆ ಹೋಗುವುದೇಕೆ? ನಿಮ್ಮ ಡಿಸ್ಪೆನ್ಸರಿಯಲ್ಲಿ ದಂತವೈದ್ಯರಿಗೆ ಕಳಿಸುವ ಚೀಟಿ ಕೇಳಿರಿ. ಕೊಡುವುದಿಲ್ಲವೆಂದರೆ ಆ ಮಾತನ್ನು ಬರೆದು ಕೊಡಲು ಕೇಳಿರಿ. ಸಣ್ಣ ಅಂಗಡಿಕಾರರಿಗೆ ಅದೂ ಇಲ್ಲ. ಅವರು ಪ್ರೀಮಿಯಂ ಕಟ್ಟುವ ಖಾಸಗಿ ವಿಮೆಗಳು ಅಪಘಾತವೊಂದನ್ನು ಬಿಟ್ಟು ಹಲ್ಲಿನ ಖರ್ಚನ್ನು ಸಾಮಾನ್ಯವಾಗಿ ಹೊರಗಿಟ್ಟಿವೆ, ಹಲ್ಲು ಮನುಷ್ಯನ ಮೈಗೆ ಸೇರಿದ್ದಲ್ಲವೆಂಬಂತೆ.

ನಾವು ಕೇಳುವುದು ಅಸಾಧ್ಯವಾದದ್ದನ್ನಲ್ಲ. ಶಾಲೆಯ ಪ್ರತಿ ಮಗುವಿನ ಬಾಯಿಯನ್ನು ಏಳನೆಯ ವಯಸ್ಸಿನ ಹೊತ್ತಿಗೆ ಒಮ್ಮೆ ತಿಳಿದವರು ನೋಡಲಿ. ಹಾಲುಹಲ್ಲು ಹುಳುಕಾಗಿ ಅಕಾಲದಲ್ಲಿ ಉದುರಿದರೆ ಪಕ್ಕದ ಹಲ್ಲು ಜಾಗ ನುಂಗುತ್ತದೆ, ಆಗ ಒಂದು ಸಣ್ಣ ತಡೆ ಇಟ್ಟರೆ ಮುಂದೆ ಎರಡು ವರ್ಷದ ತಂತಿ ತಪ್ಪೀತು. ವಕ್ರತೆಯನ್ನು ದರ್ಜೆಯಿಂದ ಅಳೆದು, ಮೇಲಿನ ದರ್ಜೆಯವರಿಗೆ ಜಿಲ್ಲಾ ಆಸ್ಪತ್ರೆಯಲ್ಲೂ ಇ.ಎಸ್.ಐ.ಯಲ್ಲೂ ಪುಕ್ಕಟೆ ಚಿಕಿತ್ಸೆ ಸಿಗಲಿ. ಜಿಲ್ಲಾ ಆಸ್ಪತ್ರೆಗೆ ಆರ್ಥೊಡಾಂಟಿಸ್ಟರ ಹುದ್ದೆ ಮಂಜೂರಾಗಲಿ. ಚಿಕಿತ್ಸೆ ನಿಂತರೆ ಕಂತೂ ನಿಲ್ಲಬೇಕೆಂಬ ನಿಯಮ ಬರಲಿ.

ಅಲ್ಲಿಯ ತನಕ ಮೋಸಹೋದವರು ಸುಮ್ಮನೆ ಕೂಡಬೇಕಾಗಿಲ್ಲ. ಹಣ ಪಡೆದು ಮಾಡಿದ ವೈದ್ಯಕೀಯ ಸೇವೆ ಗ್ರಾಹಕರ ಕಾಯಿದೆಗೆ ಒಳಪಡುತ್ತದೆಂದು ಸುಪ್ರೀಂ ಕೋರ್ಟು 1995ರಲ್ಲೇ ಹೇಳಿದೆ. ಕೊಟ್ಟ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಅರ್ಜಿಗೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಆದರೆ ಎರಡು ವರ್ಷದೊಳಗೆ ಹಾಕಬೇಕು. ರಸೀತಿ, ಎಕ್ಸರೇ, ಸಾಲದ ಕಾಗದ, ಬ್ಯಾಂಕಿನ ಪಾಸ್‌ಬುಕ್ಕು, ಇವನ್ನು ಮಾತ್ರ ಕಳೆಯಬೇಡಿರಿ. ಆ ಹಮಾಲನ ಅರ್ಜಿಯನ್ನು ನಮ್ಮ ಕಚೇರಿಯಲ್ಲೇ ಕನ್ನಡದಲ್ಲಿ ಬರೆದುಕೊಟ್ಟಿದ್ದೇವೆ. ಹುಡುಗಿಯ ತಂತಿಯನ್ನು ಈಗ ಕಾಲೇಜಿನ ಆಸ್ಪತ್ರೆಯೊಂದರಲ್ಲಿ ನೋಡುತ್ತಿದ್ದಾರೆ. ಇನ್ನೂ ಒಂದು ವರ್ಷದ ಕೆಲಸವಿದೆಯೆಂದು ಹೇಳಿದ್ದಾರೆ.